ಕುಂಕುಮದ ಕಲೆ ಬಿದ್ದ ರಿವಾಲ್ವರ್

ನಮ್ಮ ದೊಡ್ಡಪ್ಪನ ರಿವಾಲ್ವರಿನ ಎಡಮೈ ಮೇಲೆ ಒಂದು ಮಚ್ಚೆ ಇದೆ. ಕಡಲೆಕಾಳಿನಷ್ಟು ಅಗಲ, ಕಂದು ಬಣ್ಣ. ಅದು ತುಕ್ಕಿನ ಕಲೆ. ಒಂದು ಆಯುಧಪೂಜೆಯ ದಿನ ಒದ್ದೆ ಕುಂಕುಮ ಇಟ್ಟು, ಸಂಜೆ ಒರೆಸಲು ಮರೆತರು. ಮನೆ ಇರುವುದು ತೀರ್ಥಹಳ್ಳಿ ಕಡೆ. ನವರಾತ್ರಿ ಬಂದರೂ ಗೋಡೆ ಬೆವರುತ್ತಿರುತ್ತದೆ. ಒಂದು ರಾತ್ರಿ ಸಾಕಾಯಿತು.

ಆ ದಿನ ಮಣೆಯ ಮೇಲೆ ಇನ್ನೂ ಬೇಕಾದಷ್ಟು ಸಾಮಾನು ಇತ್ತು. ಜೋಡುನಳಿಗೆ ಕೋವಿ, ಕತ್ತಿ, ಅಡಿಕೆ ಸುಲಿಯುವ ಮೆಟ್ಟುಗತ್ತಿ, ಔಷಧಿ ಹೊಡೆಯುವ ಪಂಪು. ಕೋವಿಗೆ ಮರದ ಹಿಡಿಯ ಮೇಲೆ ಕುಂಕುಮ ಇಟ್ಟಿದ್ದರು, ಅದು ಬಚಾವಾಯಿತು. ಕತ್ತಿಗೆ ತುಕ್ಕು ಹೊಸದೇನಲ್ಲ. ಪೆಟ್ಟು ಬಿದ್ದದ್ದು ರಿವಾಲ್ವರಿಗೆ ಮಾತ್ರ. 'ಒಂದು ಸಲ ಪಾಲಿಶ್ ಹಾಕಿಸಿದರೆ ಹೋಗುತ್ತೆ' ಅಂತ ನಾನು ಸುಮ್ನೆ ಹೇಳಿದೆ. ದೊಡ್ಡಪ್ಪ ನನ್ನನ್ನು ನೋಡಿದ ರೀತಿ ಇನ್ನೂ ನೆನಪಿದೆ. ಪಾಲಿಶ್ ಯಾಕೆ ಹಾಕಿಸಬಾರದು ಅಂತ ತಿಳಿಯಲು ಹೊರಟವನಿಗೆ ಹಳೆಯ ರಿವಾಲ್ವರುಗಳ ಹುಚ್ಚೇ ಹತ್ತಿತು. ನನ್ನ ಹತ್ತಿರ ಒಂದೂ ಇಲ್ಲ, ಲೈಸೆನ್ಸೂ ಇಲ್ಲ. ನೋಡುವುದಕ್ಕೆ, ಓದುವುದಕ್ಕೆ ಲೈಸೆನ್ಸ್ ಬೇಕಿಲ್ಲವಲ್ಲ.

ಮಲೆನಾಡಿನಲ್ಲಿ ಕೋವಿ ಅಪರೂಪವಲ್ಲ. ಮಂಗ, ಕಾಡುಹಂದಿ ಕಾಟಕ್ಕೆ ಬೆಳೆ ರಕ್ಷಣೆಯ ಲೈಸೆನ್ಸ್ ಇಟ್ಟುಕೊಂಡ ಮನೆಗಳು ಊರೂರಲ್ಲಿವೆ. ರಿವಾಲ್ವರ್ ಮಾತ್ರ ಅಪರೂಪ. ಹಂದಿ ಓಡಿಸುವುದಕ್ಕೆ ಅದು ಪ್ರಯೋಜನವಿಲ್ಲ. ನಮ್ಮಜ್ಜ ಅದನ್ನು ಕೊಂಡಿದ್ದು ಶಿವಮೊಗ್ಗದ ಮಂಡಿಯಿಂದ ಅಡಿಕೆ ದುಡ್ಡು ತರುವಾಗ ಜೊತೆಗಿರಲಿ ಅಂತ. ಒಂದು ಸಲವೂ ಹಾರಿಸುವ ಪ್ರಸಂಗ ಬರಲಿಲ್ಲವಂತೆ. ಬರ್ಮಿಂಗ್‌ಹ್ಯಾಮಿನ ವೆಬ್ಲಿ ಆ್ಯಂಡ್ ಸ್ಕಾಟ್ ಕಂಪನಿಯದು, .32 ಅಳತೆಯದು. ಅಂದರೆ ಗುಂಡಿನ ಅಗಲ ಒಂದು ಇಂಚಿನ ನೂರರಲ್ಲಿ 32 ಪಾಲು, ಹೆಚ್ಚುಕಮ್ಮಿ 8 ಮಿಲಿಮೀಟರ್.

ಮುಂದೆ ಹೋಗುವ ಮುಂಚೆ ಒಂದು ಮಾತು. ನಮ್ಮ ಕಡೆ ಕೋವಿಯ ಹ್ಯಾಮರಿಗೆ ಕುದುರೆ ಅನ್ನುವವರಿದ್ದಾರೆ. ಬೆರಳಿನಿಂದ ಎಳೆಯುವ ಟ್ರಿಗರಿಗೆ ಕುದುರೆ ಅನ್ನುವವರೂ ಇದ್ದಾರೆ. ಇಬ್ಬರೂ ಸೇರಿದರೆ ಮಾತು ಮುಗಿಯುವುದಿಲ್ಲ. ಹಾಗಾಗಿ ಇಲ್ಲಿ ಹ್ಯಾಮರ್, ಟ್ರಿಗರ್ ಅಂತಲೇ ಬರೆಯುತ್ತೇನೆ.

ರಿವಾಲ್ವರಿನಲ್ಲಿ ಇರುವುದು ಒಂದೇ ನಳಿಗೆ. ಅದರ ಹಿಂದೆ ಐದೋ ಆರೋ ತೂತಿರುವ ದುಂಡನೆಯ ಉಕ್ಕಿನ ತುಂಡು, ಅದೇ ಸಿಲಿಂಡರ್. ಒಂದೊಂದು ತೂತಿಗೆ ಒಂದೊಂದು ತೋಟಾ. ಟ್ರಿಗರ್ ಎಳೆಯುತ್ತಾ ಹೋದಂತೆ ಹ್ಯಾಮರ್ ಹಿಂದಕ್ಕೆ ಏಳುತ್ತದೆ. ಅದೇ ಹೊತ್ತಿಗೆ ಒಳಗಿನ ಒಂದು ಸಣ್ಣ ಉಕ್ಕಿನ ಕಡ್ಡಿ ಸಿಲಿಂಡರಿನ ಹಿಂಬದಿಯ ಹಲ್ಲನ್ನು ತಳ್ಳುತ್ತದೆ. ಸೈಕಲ್ಲಿನ ಫ್ರೀವೀಲ್ ಒಳಗೆ ಕಟಕಟ ಅನ್ನುವ ನಾಲಗೆ ಇರುತ್ತದಲ್ಲ, ಅದೇ ಜಾತಿಯ ಕೆಲಸ. ಚೌಕಾಬಾರದ ಕಾಯಿಯ ಹಾಗೆ ಸಿಲಿಂಡರ್ ಒಂದು ಮನೆ ಮುಂದಕ್ಕೆ ಹೋಗುತ್ತದೆ. ಹೊಸ ತೂತು ನಳಿಗೆಯ ನೇರಕ್ಕೆ ಬರುತ್ತದೆ. ಆಗ ಕೆಳಗಿನಿಂದ ಒಂದು ಅಗುಳಿ ಎದ್ದು ಸಿಲಿಂಡರಿನ ಮೈಮೇಲಿನ ಗುಳಿಯಲ್ಲಿ ಕೂರುತ್ತದೆ. ಸಿಲಿಂಡರ್ ಅಲ್ಲಾಡುವಂತಿಲ್ಲ. ಇಷ್ಟಾದ ಮೇಲೆ ಹ್ಯಾಮರ್ ಬೀಳಬೇಕು.

ಈ ಸರದಿಗೆ ಟೈಮಿಂಗ್ ಅನ್ನುತ್ತಾರೆ. ಅಗುಳಿ ಕೂರುವ ಮುಂಚೆಯೇ ಹ್ಯಾಮರ್ ಬಿದ್ದರೆ ತೂತು ಮತ್ತು ನಳಿಗೆ ಒಂದೇ ನೇರದಲ್ಲಿ ಇರುವುದಿಲ್ಲ. ಗುಂಡು ನಳಿಗೆಯ ಬಾಯಿಗೆ ಒರಸಿಕೊಂಡು ಹೋಗುತ್ತದೆ. ಸೀಸದ ಚೂರು ಪಕ್ಕಕ್ಕೆ ಸಿಡಿಯುತ್ತದೆ. ಇನ್ನೂ ಕೆಟ್ಟದ್ದೂ ಆಗಬಹುದು. ಸಿಲಿಂಡರಿಗೂ ನಳಿಗೆಗೂ ನಡುವೆ ಒಂದು ಸಂದು ಬೇರೆ ಇದೆ. ಸಂದು ಇಲ್ಲದಿದ್ದರೆ ಸಿಲಿಂಡರ್ ತಿರುಗುವುದಿಲ್ಲ. ಜಾಸ್ತಿ ಇದ್ದರೆ ಬಿಸಿ ಗಾಳಿ ಪಕ್ಕಕ್ಕೆ ಹಾರುತ್ತದೆ. ಒಳ್ಳೆಯ ರಿವಾಲ್ವರಿನಲ್ಲಿ ಆ ಸಂದು 0.1ರಿಂದ 0.15 ಮಿಲಿಮೀಟರ್. ಸಾದಾ ಹಾಳೆ ಒಂದನ್ನು ತೂರಿಸಿದರೆ ತುಂಬಿಹೋಗುವಷ್ಟು.

ಇದೆಲ್ಲ ಒಂದು ಸಲ ಸರಿಯಾದರೆ ಸಾಲದು. ಆರು ತೂತು, ಆರು ಹಲ್ಲು, ಆರು ಗುಳಿ. ಐದು ಮನೆಯಲ್ಲಿ ಸರಿಯಾಗಿ ಕೂತು ಆರನೆಯದರಲ್ಲಿ ಕೂದಲೆಳೆಯಷ್ಟು ಹಿಂದೆ ಬಿದ್ದರೂ ಅದು ಕೆಟ್ಟ ರಿವಾಲ್ವರ್. ಜೋಡುನಳಿಗೆ ಕೋವಿ ಮಾಡುವುದಕ್ಕಿಂತ ರಿವಾಲ್ವರ್ ಕೂರಿಸುವುದು ತಲೆನೋವಿನ ಕೆಲಸ ಅಂತ ನನಗೆ ಅನ್ನಿಸುವುದು ಇದಕ್ಕೇ. ಕೋವಿ ಮಾಡುವವರು ಒಪ್ಪಲಿಕ್ಕಿಲ್ಲ.

'ಕೈಯಲ್ಲಿ ಕೂರಿಸಿದ್ದು' ಅನ್ನುವ ಮಾತಿನ ಅರ್ಥ ಇಲ್ಲಿ ಸಿಗುತ್ತದೆ. ಇವತ್ತು ಆ ಮಾತು ಕೇಳಿದರೆ ಶೋಕಿ, ದುಬಾರಿ, ಶ್ರೀಮಂತರ ಸೊತ್ತು ಅನ್ನಿಸುತ್ತದೆ. ಮೊದಲು ಹಾಗಿರಲಿಲ್ಲ. ಕೈಯಲ್ಲಿ ಕೂರಿಸದೆ ಬೇರೆ ದಾರಿಯೇ ಇರಲಿಲ್ಲ. ಹಳೇ ಮನೆಯ ಬಾಗಿಲು ನೆನಪು ಮಾಡಿಕೊಳ್ಳಿ. ಆಚಾರಿ ಬಾಗಿಲನ್ನು ಆಯಾ ದಾರಂದಕ್ಕೆ ಹಿಡಿದು ನೋಡಿ, ತಾಗುವಲ್ಲಿ ಕೀಸುಳಿ ಹೊಡೆದು, ಮತ್ತೆ ಹಿಡಿದು ನೋಡಿ ಕೂರಿಸುತ್ತಾನೆ. ಚೆನ್ನಾಗಿ ಕೂತ ಬಾಗಿಲನ್ನು ಕಿತ್ತು ಪಕ್ಕದ ಕೋಣೆಗೆ ಹಾಕಿ ನೋಡಿ. ಕೂರುವುದಿಲ್ಲ. ರಿವಾಲ್ವರಿನ ಕಥೆಯೂ ಅದೇ. ಆ ಕಾಲದ ಯಂತ್ರಗಳು ಒಂದೊಂದು ಭಾಗವನ್ನೂ ಸುಮಾರಾಗಿ ಮಾಡಿಕೊಡುತ್ತಿದ್ದವು. ಪ್ರತಿ ಭಾಗದಲ್ಲೂ ಚೂರು ಹೆಚ್ಚುಕಮ್ಮಿ ಇರುತ್ತಿತ್ತು. ಹತ್ತು ಭಾಗ ಜೋಡಿಸಿದರೆ ಹತ್ತು ಹೆಚ್ಚುಕಮ್ಮಿ ಸೇರಿ ಕೊನೆಗೆ ಅಗುಳಿ ಗುಳಿಗೆ ಬೀಳುತ್ತಲೇ ಇರಲಿಲ್ಲ. ಆ ಕೊನೆಯ ಕೂದಲೆಳೆಯನ್ನು ತೆಗೆಯುವವನು ಫಿಟ್ಟರ್. ಭಾಗಗಳನ್ನು ಬೇಕಂತಲೇ ಸ್ವಲ್ಪ ದಪ್ಪಗೆ ಮಾಡಿ ಅವನ ಕೈಗೆ ಕೊಡುತ್ತಿದ್ದರು. ಅವನು ಒಂದು ಭಾಗಕ್ಕೆ ದೀಪದ ಮಸಿ ಬಳಿದು ಇನ್ನೊಂದಕ್ಕೆ ಕೂರಿಸಿ ತೆಗೆಯುತ್ತಿದ್ದ. ಮಸಿ ಎಲ್ಲಿ ಅಂಟಿತೋ ಅಲ್ಲಿ ತಾಗುತ್ತಿದೆ ಅಂತ ಲೆಕ್ಕ. ಅಲ್ಲಿ ಮಾತ್ರ ಅರದಿಂದ ಒಂದೆರಡು ಸಲ ಉಜ್ಜುವುದು, ಆಮೇಲೆ ಸಾಣೆಕಲ್ಲು, ಮತ್ತೆ ಮಸಿ.

ಈ ಕಥೆಯ ದೊಡ್ಡ ಹೆಸರು ಅಮೆರಿಕದ ಸ್ಯಾಮ್ಯುಯೆಲ್ ಕೋಲ್ಟ್. ಅವನಿಗೂ ನಮ್ಮ ದೇಶಕ್ಕೂ ಒಂದು ನಂಟಿದೆ. 1830ರಲ್ಲಿ, ಇನ್ನೂ ಹದಿಹರೆಯದಲ್ಲಿ, ಅವನು ಕಾರ್ವೊ ಅನ್ನುವ ಹಡಗಿನಲ್ಲಿ ಕಲ್ಕತ್ತೆಗೆ ಹೊರಟಿದ್ದ. ಹಡಗಿನ ಚಕ್ರ ತಿರುಗಿ ತಿರುಗಿ ಒಂದೊಂದು ಕಡೆ ಕಚ್ಚಿ ನಿಲ್ಲುವುದನ್ನು ನೋಡಿ ಉಪಾಯ ಹೊಳೆಯಿತು, ಅಲ್ಲೇ ಮರದಲ್ಲಿ ಮಾದರಿ ಕೆತ್ತಿದೆ ಅಂತ ಮುಂದೆ ಹೇಳಿಕೊಂಡ. ಅವನು ಮಾತಿನಲ್ಲೂ ಗಟ್ಟಿಗ. ಹಾಗಾಗಿ ಚಕ್ರದ ಕಥೆಯನ್ನು ಸ್ವಲ್ಪ ಉಪ್ಪು ಹಾಕಿಕೊಂಡೇ ನುಂಗಬೇಕು. ತಿರುಗುವ ಸಿಲಿಂಡರಿನ ಕೋವಿಗಳು ಅವನಿಗಿಂತ ಮೊದಲೇ ಇದ್ದವು. ಪೇಟೆಂಟ್ ಸಿಕ್ಕಿದ್ದು 1835ರಲ್ಲಿ ಇಂಗ್ಲೆಂಡಿನಲ್ಲಿ, 1836ರಲ್ಲಿ ಅಮೆರಿಕದಲ್ಲಿ.

1851ರಲ್ಲಿ ಲಂಡನ್ನಿನಲ್ಲಿ ದೊಡ್ಡ ವಸ್ತುಪ್ರದರ್ಶನ ನಡೆಯಿತು. ಅಲ್ಲಿ ಕೋಲ್ಟ್ ತನ್ನ ರಿವಾಲ್ವರುಗಳನ್ನು ಇಟ್ಟು, ಇವು ಯಂತ್ರದಿಂದ ಮಾಡಿದವು ಅಂತ ಪ್ರಚಾರ ಮಾಡಿದ. ಅದೇ ಪ್ರದರ್ಶನದಲ್ಲಿ ಲಂಡನ್ನಿನ ರಾಬರ್ಟ್ ಆ್ಯಡಮ್ಸ್ ಕೂಡ ತನ್ನದನ್ನು ಇಟ್ಟಿದ್ದ. ಕೋಲ್ಟಿನದರಲ್ಲಿ ಪ್ರತಿ ಸಲ ಹೆಬ್ಬೆರಳಿನಿಂದ ಹ್ಯಾಮರ್ ಎಳೆಯಬೇಕು. ಆ್ಯಡಮ್ಸ್‌ನದರಲ್ಲಿ ಟ್ರಿಗರ್ ಎಳೆದರೆ ಹ್ಯಾಮರ್ ತಾನೇ ಎದ್ದು ತಾನೇ ಬೀಳುತ್ತದೆ. ಮುಂದೆ ಬ್ಯೂಮಾಂಟ್ ಅನ್ನುವ ಸೇನಾಧಿಕಾರಿ ಎರಡೂ ಬಗೆ ಒಂದರಲ್ಲೇ ಬರುವಂತೆ ಮಾಡಿದ. ಆ ಬ್ಯೂಮಾಂಟ್-ಆ್ಯಡಮ್ಸ್ ರಿವಾಲ್ವರುಗಳು 1857ರ ದಂಗೆಯ ಹೊತ್ತಿಗೆ ಇಂಗ್ಲಿಷ್ ಅಧಿಕಾರಿಗಳ ಸೊಂಟದಲ್ಲಿ ನಮ್ಮ ದೇಶಕ್ಕೆ ಬಂದಿದ್ದವು.

ತಮಾಷೆ ಏನು ಗೊತ್ತಾ? ಯಂತ್ರ ಯಂತ್ರ ಅಂದ ಕೋಲ್ಟಿನ ಕಾರ್ಖಾನೆಯಲ್ಲೂ ಕೊನೆಯ ಕೆಲಸ ಅರದ್ದೇ. ಭಾಗಗಳನ್ನು ಯಂತ್ರದಲ್ಲಿ ಕೊರೆದು, ಮೆತ್ತಗಿರುವಾಗಲೇ ಕೈಯಲ್ಲಿ ಉಜ್ಜಿ ಒಂದಕ್ಕೊಂದು ಕೂರಿಸುತ್ತಿದ್ದರು. ಒಂದೇ ರಿವಾಲ್ವರಿನ ಭಾಗಗಳಿಗೆಲ್ಲ ಒಂದೇ ನಂಬರ್ ಒತ್ತುತ್ತಿದ್ದರು. ಆಮೇಲೆ ಬಿಚ್ಚಿ ಗಟ್ಟಿ ಮಾಡಲು ಕುಲುಮೆಗೆ ಕಳಿಸುತ್ತಿದ್ದರು. ವಾಪಸ್ ಬಂದಾಗ ಯಾವುದು ಯಾವುದರ ಜೋಡಿ ಅಂತ ತಿಳಿಯಬೇಕಲ್ಲ, ಅದಕ್ಕೆ ನಂಬರ್. ಹಳೆಯ ರಿವಾಲ್ವರಿನಲ್ಲಿ 'ಎಲ್ಲ ನಂಬರೂ ಒಂದೇ' ಅಂದರೆ ಸಂಗ್ರಹಕಾರರು ಯಾಕೆ ಕುಣಿದಾಡುತ್ತಾರೆ ಅಂದರೆ ಇದಕ್ಕೇ. ಆ ಭಾಗಗಳು ಒಂದೇ ಫಿಟ್ಟರಿನ ಕೈಯಲ್ಲಿ ಒಂದಕ್ಕೊಂದು ಪರಿಚಯವಾದವು ಅಂತ ಅರ್ಥ.

ಈಗ ಮೂರು ಮನೆತನಗಳ ಬಗ್ಗೆ ಹೇಳಿಬಿಡುತ್ತೇನೆ. ಹಳೆಯ ರಿವಾಲ್ವರ್ ಅಂದಾಗ ಮಾತು ಸುತ್ತುವುದು ಜಾಸ್ತಿ ಇವುಗಳ ಸುತ್ತಲೇ.

ವೆಬ್ಲಿ ನಮಗೆ ಹತ್ತಿರದ್ದು. ಬ್ರಿಟಿಷ್ ಸೇನೆ 1887ರಿಂದ ಬಳಸಿದ್ದು ಇದನ್ನು. ಇದರ ಗುಣ ಏನೆಂದರೆ ನಡು ಮುರಿದಂತೆ ಬಾಗುತ್ತದೆ. ಮೇಲಿನ ಚಿಲಕ ಒತ್ತಿ ನಳಿಗೆಯನ್ನು ಕೆಳಕ್ಕೆ ಬಗ್ಗಿಸಿದರೆ ಹಿಂದಿನಿಂದ ನಕ್ಷತ್ರದಂಥ ಒಂದು ತುಂಡು ಎದ್ದು ಖಾಲಿ ತೋಟಾಗಳನ್ನೆಲ್ಲ ಒಟ್ಟಿಗೆ ಹೊರಗೆ ತಳ್ಳುತ್ತದೆ. ಕೋವಿ ಬಗ್ಗಿಸಿ ಅಭ್ಯಾಸ ಇರುವ ನಮ್ಮವರಿಗೆ ಇದು ಕೂಡಲೇ ಅರ್ಥವಾಗುತ್ತದೆ. ನೋಡಬೇಕಾದ ಜಾಗ ಬಿಜಾಗರಿ ಮತ್ತು ಮೇಲಿನ ಚಿಲಕ. ಅಲ್ಲಿ ಸವೆದಿದ್ದರೆ ನಳಿಗೆ ಲೊಡಲೊಡ ಅನ್ನುತ್ತದೆ. ಎರಡನೇ ಮಹಾಯುದ್ಧದ ಗಡಿಬಿಡಿಯಲ್ಲಿ ಮಾಡಿದ ವೆಬ್ಲಿಗಳ ಮೈ ಒರಟು, ಅರದ ಗೀರುಗಳು ಹಾಗೇ ಇವೆ. ಕಂಪನಿ ಅದರ ಮೇಲೆ 'ವಾರ್ ಫಿನಿಶ್' ಅಂತ ಒತ್ತಿಯೇ ಕಳಿಸಿತು. ಇದು ನಮ್ಮ ಮಾಮೂಲಿ ಕೆಲಸ ಅಂತ ತಿಳಿಯಬೇಡಿ, ಯುದ್ಧ ನಡೀತಿದೆ ಅಂತ ಮುಚ್ಚಳಿಕೆ ಬರೆದುಕೊಟ್ಟ ಹಾಗೆ. ನನಗೆ ಆ ಮರ್ಯಾದೆ ಇಷ್ಟ. ಕಾನ್ಪುರದ ಸ್ಮಾಲ್ ಆರ್ಮ್ಸ್ ಫ್ಯಾಕ್ಟರಿಯ .32 ರಿವಾಲ್ವರ್ ಕೂಡ ಇದೇ ವೆಬ್ಲಿ ವಂಶದ್ದು.

ಸ್ಮಿತ್ ಆ್ಯಂಡ್ ವೆಸ್ಸನ್ ಎರಡನೆಯದು. ಇದರಲ್ಲಿ ಸಿಲಿಂಡರ್ ಪಕ್ಕಕ್ಕೆ ಬಾಗಿಲಿನಂತೆ ತೆರೆಯುತ್ತದೆ. 1896ರಿಂದ ಈ ಬಗೆ ಬಂತು. ಸಂಗ್ರಹಕಾರರು ಇದರ ಸ್ಕ್ರೂ ಎಣಿಸುತ್ತಾರೆ. 1950ರ ದಶಕದ ನಡುವಿನವರೆಗೆ ಐದು, ಆಮೇಲೆ ನಾಲ್ಕು, 1960ರ ದಶಕದ ಶುರುವಿನಿಂದ ಮೂರು. ಸ್ಕ್ರೂ ಕಡಿಮೆಯಾದರೆ ಖರ್ಚು ಕಡಿಮೆ, ಅಷ್ಟೇ ಗುಟ್ಟು. ಹಸುವಿನ ಹಲ್ಲು ನೋಡಿ ವಯಸ್ಸು ಹೇಳುವ ಹಾಗೆ ಇದು. 1935ರಲ್ಲಿ ಅವರು ರಿಜಿಸ್ಟರ್ಡ್ ಮ್ಯಾಗ್ನಮ್ ಅನ್ನುವುದನ್ನು ತಂದರು. ಒಂದೊಂದನ್ನೂ ಕೊಳ್ಳುವವನು ಹೇಳಿದ ಅಳತೆಗೆ ಮಾಡಿ, ಅವನ ಹೆಸರಿಗೆ ನೋಂದಾಯಿಸಿ ಕೊಡುತ್ತಿದ್ದರು. ದರ್ಜಿ ಹತ್ತಿರ ಅಂಗಿ ಹೊಲಿಸಿದ ಹಾಗೆ.

ಮೂರನೆಯದು ಕೋಲ್ಟ್. ಇಲ್ಲಿ ಸ್ವಲ್ಪ ನಿಲ್ಲಬೇಕು. ಕೋಲ್ಟಿನ ಹಳೆಯ ಒಳಯಂತ್ರದಲ್ಲಿ ಒಂದು ವಿಚಿತ್ರ ಇದೆ. ಹ್ಯಾಮರ್ ಬಿದ್ದು, ಟ್ರಿಗರ್ ಇನ್ನೂ ಹಿಂದಕ್ಕೆ ಎಳೆದೇ ಇರುವಾಗ, ಸಿಲಿಂಡರನ್ನು ತಳ್ಳುವ ಆ ಪುಟ್ಟ ಕಡ್ಡಿ ತಳ್ಳುವುದನ್ನು ನಿಲ್ಲಿಸುವುದಿಲ್ಲ. ಒಂದು ಕಡೆಯಿಂದ ಕಡ್ಡಿ ತಳ್ಳುತ್ತದೆ, ಇನ್ನೊಂದು ಕಡೆಯಿಂದ ಅಗುಳಿ ತಡೆಯುತ್ತದೆ. ನಡುವೆ ಸಿಕ್ಕಿದ ಸಿಲಿಂಡರ್ ಮಿಸುಕಾಡುವುದಿಲ್ಲ. ಅಮೆರಿಕದವರು ಇದನ್ನು ಬ್ಯಾಂಕಿನ ತಿಜೋರಿ ಬಾಗಿಲಿಗೆ ಹೋಲಿಸುತ್ತಾರೆ. ಸ್ಮಿತ್ ಆ್ಯಂಡ್ ವೆಸ್ಸನ್ನಿನಲ್ಲಿ ಆ ಹೊತ್ತಿಗೆ ಒಂದು ಚೂರು ಆಟ ಇರುತ್ತದೆ, ಇರಬೇಕು ಕೂಡ. ಇದು ಗೊತ್ತಿಲ್ಲದವರು ಸ್ಮಿತ್ ಹಿಡಿದು 'ಇದು ಸವೆದಿದೆ' ಅನ್ನುತ್ತಾರೆ.

ಕೋಲ್ಟಿನ ಬಿಗಿಗೆ ಒಂದು ಬೆಲೆ ಇದೆ. ಸದಾ ಒತ್ತಡದಲ್ಲಿ ಕೆಲಸ ಮಾಡುವ ಆ ಕಡ್ಡಿ ಬೇಗ ಸವೆಯುತ್ತದೆ. ಸವೆದರೆ ಟೈಮಿಂಗ್ ತಪ್ಪುತ್ತದೆ. ಮತ್ತೆ ಕೂರಿಸಲು ಅದನ್ನೇ ಕಲಿತವನು ಬೇಕು. 1955ರಲ್ಲಿ ಬಂದ ಕೋಲ್ಟ್ ಪೈಥಾನ್ ಈ ಕೈಕೆಲಸದ ತುದಿ. ಆಗ ಅದರ ಬೆಲೆ 125 ಡಾಲರ್. ಕನ್ನಡಿಯಂತೆ ಉಜ್ಜಿದ ಉಕ್ಕಿನ ಮೇಲೆ ಆಳವಾದ ನೀಲಿ. ಒಳಗಿನ ಕೆಲಸ ಹಳೆಯ ಪದ್ಧತಿಯದ್ದೇ ಆದ್ದರಿಂದ ಒಂದೊಂದಕ್ಕೂ ಫಿಟ್ಟರ್ ಬೇಕು. ಅಂಥ ಕೈಗಳು ಕಡಿಮೆಯಾದವು, ಕೂಲಿ ಜಾಸ್ತಿಯಾಯಿತು, 2005ರ ಸುಮಾರಿಗೆ ಪೈಥಾನ್ ನಿಂತೇಹೋಯಿತು. 2020ರಲ್ಲಿ ಅದೇ ಹೆಸರಿನಲ್ಲಿ ಮತ್ತೆ ಬಂತು. ಹೊರಗಿನ ರೂಪ ಅದೇ, ಒಳಗಿನ ಯಂತ್ರ ಬೇರೆ. ಭಾಗಗಳೂ ಕಡಿಮೆ. ಈಗಿನ ಕಂಪ್ಯೂಟರ್ ಯಂತ್ರಗಳು ಕೂದಲೆಳೆಯ ಲೆಕ್ಕವನ್ನೂ ಸರಿಯಾಗಿ ಕೊರೆಯುವುದರಿಂದ ಅರ ಹಿಡಿದವನಿಗೆ ಕೆಲಸ ಉಳಿದಿಲ್ಲ. ಹೊಸದು ಗಟ್ಟಿಮುಟ್ಟು, ರಿಪೇರಿಗೂ ಸುಲಭ. ಹಾರಿಸುವುದಕ್ಕೆ ಹೊಸದೇ ಒಳ್ಳೆಯದು ಅಂದರೆ ನಾನು ವಾದಕ್ಕೆ ಬರುವುದಿಲ್ಲ. ಆದರೆ ಹಳೆಯದಕ್ಕೆ ಜನ ಸುರಿಯುವ ದುಡ್ಡು ಗುಂಡು ಹಾರುವುದಕ್ಕೆ ಅಲ್ಲವಲ್ಲ.

ಹಾಗಾದರೆ ಹಳೆಯ ರಿವಾಲ್ವರನ್ನು ನೋಡುವುದು ಹೇಗೆ? ಮೊದಲು ಅದರ ಮಾಲೀಕ, ಅಂದರೆ ಲೈಸೆನ್ಸ್ ಇರುವವರು, ಎದುರಿಗೆ ಇರಬೇಕು. ಅವರೇ ತೆರೆದು ಖಾಲಿ ಇದೆ ಅಂತ ತೋರಿಸಬೇಕು. ನೀವೂ ಒಂದೊಂದು ತೂತನ್ನೂ ನೋಡಬೇಕು. ಆಮೇಲೂ ನಳಿಗೆ ಯಾರ ಕಡೆಗೂ ತಿರುಗಬಾರದು. ಸಿನಿಮಾದಲ್ಲಿ ಮಣಿಕಟ್ಟು ಝಾಡಿಸಿ ಸಿಲಿಂಡರನ್ನು ಟಪ್ ಅಂತ ಮುಚ್ಚುತ್ತಾರಲ್ಲ, ಅದನ್ನು ಮಾತ್ರ ಮಾಡಬೇಡಿ. ಸಿಲಿಂಡರ್ ಹೊತ್ತ ತೋಳು ಅಷ್ಟಕ್ಕೇ ಬಾಗುತ್ತದೆ. ಎದುರಿಗೆ ಕೂತ ಮಾಲೀಕರು ಎರಡನೇ ಸಲ ಕಾಫಿಗೆ ಕರೆಯುವುದಿಲ್ಲ.

ನಾನು ಮೊದಲು ನೋಡುವುದು ಸ್ಕ್ರೂಗಳನ್ನು. ಹೆಸರು, ಹೊಳಪು ಎಲ್ಲ ಆಮೇಲೆ. ಸ್ಕ್ರೂ ತಲೆಯ ಸೀಳು ಚೂಪಾಗಿ, ಶುದ್ಧವಾಗಿ ಇದ್ದರೆ ಒಳ್ಳೆಯ ಲಕ್ಷಣ. ಇಲಿ ಕಡಿದ ಹಾಗಿದ್ದರೆ ಯಾರೋ ಗೊತ್ತಿಲ್ಲದವರು ಒಳಗೆ ಕೈ ಹಾಕಿದ್ದಾರೆ. ಆಮೇಲೆ ಪಕ್ಕದ ಮುಚ್ಚಳ. ಒಳಯಂತ್ರ ಮುಚ್ಚುವ ಆ ತಗಡು ಮೈಗೆ ಸೇರುವ ಗೆರೆ ಕಣ್ಣಿಗೆ ಬೀಳಲೇಬಾರದು. ಹಳೆಯ ಒಳ್ಳೆಯ ಕೋಲ್ಟ್, ಸ್ಮಿತ್‌ಗಳಲ್ಲಿ ಬೆಳಕಿಗೆ ಓರೆಯಾಗಿ ಹಿಡಿದರೆ ಮಾತ್ರ ಕಾಣುತ್ತದೆ. ಸಾಗರ, ಸೊರಬದ ಗುಡಿಗಾರರು ಗಂಧದ ಪೆಟ್ಟಿಗೆಯ ಮುಚ್ಚಳ ಕೂರಿಸಿದ್ದನ್ನು ನೋಡಿದ್ದೀರಾ? ಅದನ್ನು ನೋಡಿದ ಕಣ್ಣಿಗೆ ಇದನ್ನು ವಿವರಿಸುವುದೇ ಬೇಡ.

ಇನ್ನು ಅಕ್ಷರಗಳ ಅಂಚು. ನಳಿಗೆಯ ಮೇಲೆ ಒತ್ತಿದ ಕಂಪನಿಯ ಹೆಸರು ಚೂಪಾಗಿ ಇದೆಯೋ, ಕರಗಿದ ಬೆಲ್ಲದ ಹಾಗಿದೆಯೋ? ಕರಗಿದಂತಿದ್ದರೆ ಯಾರೋ ಚಕ್ರಕ್ಕೆ ಕೊಟ್ಟು ಪಾಲಿಶ್ ಮಾಡಿಸಿ ಹೊಸ ಬಣ್ಣ ಹಾಕಿಸಿದ್ದಾರೆ. ಮೂಲೆಗಳು ಉರುಟಾಗಿರುತ್ತವೆ. ಸ್ಕ್ರೂ ತೂತಿನ ಸುತ್ತ ತಟ್ಟೆಯಂತೆ ತಗ್ಗಾಗಿರುತ್ತದೆ. ದೂರದಿಂದ ಥಳಥಳ. ಆದರೆ ಫಿಟ್ಟರ್ ಬಿಟ್ಟುಹೋದ ಮೇಲ್ಮೈ ಹೋಯಿತು, ಅದು ವಾಪಸ್ ಬರುವುದಿಲ್ಲ. ಸವೆದು ಬೆಳ್ಳಗಾದ ಮೂಲ ನೀಲಿಗೆ ಇರುವ ಬೆಲೆ ಹೊಸದಾಗಿ ಬಳಿದ ನೀಲಿಗೆ ಇಲ್ಲ. ದೊಡ್ಡಪ್ಪ ನನ್ನನ್ನು ಹಾಗೆ ನೋಡಿದ್ದು ಇದಕ್ಕೆ.

ಆ ನೀಲಿಯ ಕಥೆ ಕೇಳಿದರೆ ಮಜಾ ಅನ್ನಿಸುತ್ತದೆ. ಅದು ಬಣ್ಣವೇ ಅಲ್ಲ, ತುಕ್ಕು. ಹಳೆಯ ಪದ್ಧತಿಯಲ್ಲಿ ಉಕ್ಕಿಗೆ ತೆಳುವಾಗಿ ಆಮ್ಲ ಸವರಿ ತೇವದ ಜಾಗದಲ್ಲಿ ಇಡುತ್ತಾರೆ. ಕೆಂಪು ತುಕ್ಕು ಏಳುತ್ತದೆ. ಆಮೇಲೆ ಕುದಿಯುವ ನೀರಿಗೆ ಹಾಕುತ್ತಾರೆ. ಕೆಂಪು ತುಕ್ಕು ಕಪ್ಪು ತುಕ್ಕಾಗುತ್ತದೆ. ಎರಡರಲ್ಲೂ ಇರುವುದು ಕಬ್ಬಿಣ ಮತ್ತು ಆಮ್ಲಜನಕವೇ, ಸೇರುವ ಲೆಕ್ಕ ಬೇರೆ. ಕೆಂಪು ಉದುರುತ್ತದೆ, ಕಪ್ಪು ಅಂಟಿ ಕೂರುತ್ತದೆ. ಸಡಿಲ ಪುಡಿಯನ್ನು ಉಜ್ಜಿ ತೆಗೆದು ಮತ್ತೆ ಆಮ್ಲ, ಮತ್ತೆ ತೇವ, ಮತ್ತೆ ಕುದಿ. ಹೀಗೆ ಹಲವು ಸಲ. ಕೊನೆಗೆ ಬರುವ ಪದರ ಎಣ್ಣೆಯನ್ನು ಹಿಡಿದಿಟ್ಟುಕೊಂಡು ಕೆಂಪು ತುಕ್ಕನ್ನು ತಡೆಯುತ್ತದೆ. ಅಂದರೆ ನಮ್ಮ ಕುಂಕುಮ ಮತ್ತು ಮಳೆಗಾಲ ಸೇರಿ ಆ ರಾತ್ರಿ ಮಾಡಿದ್ದು ಅರ್ಧ ಕೆಲಸ. ಕುದಿಸುವವರು ಇರಲಿಲ್ಲ, ಅಷ್ಟೇ.

ಇಂಗ್ಲಿಷ್ ರಿವಾಲ್ವರುಗಳಲ್ಲಿ ಪುಟ್ಟ ಪುಟ್ಟ ಕಿರೀಟದ ಮುದ್ರೆಗಳಿರುತ್ತವೆ. ಅವು ಅಲಂಕಾರವಲ್ಲ. ಬರ್ಮಿಂಗ್‌ಹ್ಯಾಮಿನಲ್ಲಿ 1813ರಿಂದ ಪ್ರೂಫ್ ಹೌಸ್ ಅಂತ ಒಂದು ಪರೀಕ್ಷಾ ಮನೆ ಇದೆ. ಮಾರುವ ಮುಂಚೆ ಮಾಮೂಲಿಗಿಂತ ಹೆಚ್ಚು ಬಲದ ತೋಟಾ ಹಾರಿಸಿ ನೋಡಿ, ಒಡೆಯದಿದ್ದರೆ ಮುದ್ರೆ ಒತ್ತುತ್ತಾರೆ. ದೊಡ್ಡಪ್ಪನದರಲ್ಲಿ ಸಿಲಿಂಡರಿನ ಒಂದೊಂದು ತೂತಿನ ಪಕ್ಕದಲ್ಲೂ ಮುದ್ರೆ ಇದೆ. ಭೂತಗನ್ನಡಿ ಹಿಡಿದು ಅದನ್ನು ಮೊದಲ ಸಲ ನೋಡಿದಾಗ, ಎಲ್ಲೋ ದೂರದೂರಿನ ಒಬ್ಬ ಕೆಲಸಗಾರ ಆರು ಸಲ ಸುತ್ತಿಗೆ ಎತ್ತಿದ್ದು ಕಣ್ಣಿಗೆ ಕಟ್ಟಿತು.

ಕೈಕೆಲಸದ ಇನ್ನೊಂದು ಮುಖವನ್ನೂ ಹೇಳಬೇಕು. ನಮ್ಮ ಪರಿಚಯದ ಒಬ್ಬರ ಬಳಿ ಹಳೆಯ .32 ಕೋಲ್ಟ್ ಇತ್ತು. ಕೋಲ್ಟಿನ ಟ್ರಿಗರ್ ಎಳೆಯುತ್ತಾ ಹೋದಂತೆ ಕೊನೆಯಲ್ಲಿ ಬಿಗಿಯಾಗುತ್ತದೆ, ಅದರ ಸ್ಪ್ರಿಂಗಿನ ಗುಣವೇ ಹಾಗೆ. ಅವರಿಗೆ ಅದು ಕೆಟ್ಟಿದೆ ಅನ್ನಿಸಿತು. ರಿಪೇರಿಗೆ ಕೊಟ್ಟರು. ರಿಪೇರಿಯವನು ಒಳಗಿನ ಆ ಪುಟ್ಟ ಕಡ್ಡಿಯ ತುದಿಯನ್ನು ಉಜ್ಜಿಬಿಟ್ಟ. ಎಳೆತ ಹಗುರಾಯಿತು, ನಿಜ. ಆದರೆ ಕಡ್ಡಿ ಗಿಡ್ಡವಾಯಿತು. ಈಗ ಎರಡು ಮನೆಯಲ್ಲಿ ಸಿಲಿಂಡರ್ ಪೂರ್ತಿ ತಿರುಗುವ ಮುಂಚೆಯೇ ಹ್ಯಾಮರ್ ಬೀಳುತ್ತದೆ. ಉಜ್ಜಿದ ಉಕ್ಕು ಮತ್ತೆ ಬೆಳೆಯುವುದಿಲ್ಲ. ಬೇರೆ ಕೋಲ್ಟಿನ ಕಡ್ಡಿ ತಂದರೂ ಹಾಗೇ ಕೂರುವುದಿಲ್ಲ, ಅದನ್ನು ಇದಕ್ಕೆ ಕೂರಿಸುವ ಕೈ ಬೇಕು. ಅದು ಬೀರುವಿನಲ್ಲಿ ಸುಮ್ಮನೆ ಬಿದ್ದಿದೆ. ಯಂತ್ರದಲ್ಲಿ ಮಾಡಿದ ಹೊಸದಾಗಿದ್ದರೆ ಭಾಗ ತರಿಸಿ ಹಾಕಿದ್ದರೆ ಮುಗೀತಿತ್ತು.

ಕಾನೂನಿನ ಮಾತಿಗೆ ಬರೋಣ. ಅಮೆರಿಕದವರ ಹಾಗೆ ಗೋಡೆ ತುಂಬಾ ರಿವಾಲ್ವರ್ ನೇತುಹಾಕುವ ಸಂಗ್ರಹ ಇಲ್ಲಿ ಸಾಧ್ಯವಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಲೈಸೆನ್ಸ್ ಬೇಕೇ ಬೇಕು. 2019ರ ತಿದ್ದುಪಡಿಯ ನಂತರ ಒಬ್ಬರಿಗೆ ಎರಡಕ್ಕಿಂತ ಹೆಚ್ಚು ಬಂದೂಕು ಇಲ್ಲ. ಮೊದಲು ಮೂರು ಇತ್ತು. ಪಿತ್ರಾರ್ಜಿತವಾಗಿ ಬಂದದ್ದೂ ಆ ಎರಡರ ಲೆಕ್ಕಕ್ಕೇ ಸೇರುತ್ತದೆ. ಲೈಸೆನ್ಸಿನ ಅವಧಿ 3 ವರ್ಷದಿಂದ 5 ವರ್ಷಕ್ಕೆ ಏರಿತು. ಸೇನೆ, ಪೊಲೀಸರು ಬಳಸುವ ಗುಂಡಿನ ಅಳತೆಗಳು ನಿರ್ಬಂಧಿತ ವರ್ಗಕ್ಕೆ ಬರುತ್ತವೆ. ಹಾಗಾಗಿಯೇ ನಮ್ಮಲ್ಲಿ ಖಾಸಗಿಯವರ ಕೈಯಲ್ಲಿ ಕಾಣುವುದು ಹೆಚ್ಚಾಗಿ .32. ಕೊಡಗಿನಲ್ಲಿ ಕೊಡವರಿಗೆ, ಜಮ್ಮಾ ಅನ್ನುವ ಪಾರಂಪರಿಕ ಭೂಮಿಯ ಹಿಡುವಳಿದಾರರಿಗೆ ಲೈಸೆನ್ಸಿನಿಂದ ವಿನಾಯಿತಿ ಇದೆ. ಅದನ್ನು ನೋಡಿ ಶಿವಮೊಗ್ಗದವರು ನಮಗೂ ಇದೆ ಅಂದುಕೊಳ್ಳಬಾರದು.

ಜಾಸ್ತಿ ಎಡವುವುದು ಎರಡು ಕಡೆ. ಲೈಸೆನ್ಸ್ ಇದ್ದವರು ತೀರಿಕೊಂಡಾಗ ಅವರ ಕೋವಿ, ರಿವಾಲ್ವರ್ ತಾನಾಗಿ ಮಗನದ್ದಾಗುವುದಿಲ್ಲ. ತಡಮಾಡದೆ ಠಾಣೆಯಲ್ಲೋ ಲೈಸೆನ್ಸ್ ಇರುವ ಅಂಗಡಿಯಲ್ಲೋ ಜಮೆ ಮಾಡಿ, ಜಿಲ್ಲಾಧಿಕಾರಿ ಕಚೇರಿಗೆ ಅರ್ಜಿ ಹಾಕಿ ತಮ್ಮ ಹೆಸರಿಗೆ ಲೈಸೆನ್ಸ್ ಪಡೆಯಬೇಕು. ತಿಥಿ ಮುಗಿಯಲಿ, ಕೊಯ್ಲು ಮುಗಿಯಲಿ ಅಂತ ಮಾಡಿನಲ್ಲಿ ಸಿಕ್ಕಿಸಿಟ್ಟರೆ ಅದು ಅಕ್ರಮ ಆಯುಧ. ಇನ್ನೊಂದು, 'ಇದು ಪುರಾತನದ್ದು, ಲೈಸೆನ್ಸ್ ಬೇಡ' ಅನ್ನುವ ನಂಬಿಕೆ. ಹಳೆಯ ಕಾಲದ ಅಥವಾ ಕೆಟ್ಟುಹೋದ ಆಯುಧಕ್ಕೆ ಕಾಯ್ದೆಯ 45ನೇ ಕಲಮಿನಲ್ಲಿ ವಿನಾಯಿತಿ ಇರುವುದು ನಿಜ. ಆದರೆ ಅದು ರಿಪೇರಿ ಮಾಡಿದರೂ ಹಾರದಂಥದ್ದು ಆಗಿರಬೇಕು. ಒಂದು ಸ್ಪ್ರಿಂಗ್ ಹಾಕಿದರೆ ಹಾರುವ 150 ವರ್ಷದ ಕೋಲ್ಟ್ ಕೂಡ ಬಂದೂಕೇ. ಅದನ್ನು ತೀರ್ಮಾನಿಸುವವರು ನಾವಲ್ಲ, ಅಧಿಕಾರಿಗಳು. ರಿಪೇರಿ ಕೂಡ ಅದಕ್ಕೆಂದೇ ಲೈಸೆನ್ಸ್ ಇರುವವರೇ ಮಾಡಬೇಕು. ಮತ್ತೆ ಚುನಾವಣೆ ಬಂದಾಗಲೆಲ್ಲ ಠಾಣೆಗೆ ಹೊತ್ತುಕೊಂಡು ಹೋಗುವುದು ಇದ್ದದ್ದೇ. ವಾಪಸ್ ತಂದ ದಿನ ಅದಕ್ಕೆ ಸುತ್ತಿದ ಬಟ್ಟೆ ಬಿಚ್ಚಿ ಎಣ್ಣೆ ಹಾಕುವುದನ್ನು ಮರೆಯಬೇಡಿ.

ಎಣ್ಣೆ ಅಂದರೆ ಯಾವ ಎಣ್ಣೆ? ನಮ್ಮಜ್ಜ ಕೊಬ್ಬರಿ ಎಣ್ಣೆ ಹಾಕುತ್ತಿದ್ದರಂತೆ. ಮಲೆನಾಡಿನ ಧನುರ್ಮಾಸದ ಚಳಿಗೆ ಬಾಟಲಿಯಲ್ಲೇ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟುತ್ತದೆ, ಯಂತ್ರದ ಸಂದಿಯಲ್ಲಿ ಬಿಡುತ್ತದಾ? ಹಳಸಿದರೆ ಆಮ್ಲ ಬೇರೆ. ಬಂದೂಕಿನ ಎಣ್ಣೆ ಸಿಗದಿದ್ದರೆ ಹೊಲಿಗೆ ಯಂತ್ರದ ಎಣ್ಣೆ ವಾಸಿ, ಅದೂ ಒಂದೆರಡು ಹನಿ. ಚರ್ಮದ ಚೀಲದಲ್ಲಿ ತುಂಬಿ ತಿಂಗಳುಗಟ್ಟಲೆ ಇಡುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಚರ್ಮ ತೇವ ಹೀರುತ್ತದೆ, ಹದ ಮಾಡಿದ ರಾಸಾಯನಿಕವೂ ಅದರಲ್ಲಿ ಉಳಿದಿರುತ್ತದೆ. ವರ್ಷಕ್ಕೆ 7000 ಮಿಲಿಮೀಟರ್ ದಾಟುವ ಆಗುಂಬೆ ಮಳೆಯ ಸೀಮೆಯಲ್ಲಿ ಅದು ಉಕ್ಕನ್ನು ಬಚ್ಚಲಲ್ಲಿ ಇಟ್ಟ ಹಾಗೆ. ಎಣ್ಣೆ ಸವರಿದ ಹತ್ತಿ ಬಟ್ಟೆ, ಬೀಗ ಹಾಕಿದ ಒಣ ಪೆಟ್ಟಿಗೆ, ಒಂದೆರಡು ಪೊಟ್ಟಣ ಸಿಲಿಕಾ ಜೆಲ್. ಮುಟ್ಟಿದ ಮೇಲೆ ಒರೆಸಿಡುವುದು, ಬೆರಳಿನ ಬೆವರು ಸಾಕು ಕಲೆ ಬೀಳಲು.

ಲೈಸೆನ್ಸ್ ಇಲ್ಲದವರಿಗೆ ನೋಡಲು ಜಾಗ ಇಲ್ಲವೇ ಅಂದರೆ, ಶಿವಮೊಗ್ಗದ ಶಿವಪ್ಪನಾಯಕನ ಅರಮನೆಯ ವಸ್ತುಸಂಗ್ರಹಾಲಯಕ್ಕೆ ಹೋಗಿ. 2018ರಲ್ಲಿ ಹೊಸನಗರ ತಾಲ್ಲೂಕಿನ ನಗರದ ಹಾಳುಬಾವಿಯಲ್ಲಿ ಟಿಪ್ಪು ಕಾಲದ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್ಟುಗಳು ಸಿಕ್ಕವಲ್ಲ, ಅವು ಬಂದು ಸೇರಿದ್ದು ಅಲ್ಲಿಗೆ. ರಿವಾಲ್ವರ್ ಅಲ್ಲ, ನಿಜ. ಆದರೆ ತಗಡು ಸುತ್ತಿ ಕೊಳವೆ ಮಾಡಿದ ಕೈ ಯಾವ ಕಡೆಯಿಂದ ಬಡಿದಿದೆ, ಒಂದರ ಉದ್ದ ಇನ್ನೊಂದಕ್ಕೆ ಹೇಗೆ ಹೊಂದುವುದಿಲ್ಲ ಅಂತ ನೋಡುತ್ತಾ ನಿಂತರೆ ಕಣ್ಣು ಪಳಗುತ್ತದೆ.

ಹೋದ ವರ್ಷದ ಆಯುಧಪೂಜೆಗೆ ಊರಿಗೆ ಹೋಗಿದ್ದೆ. ಮಣೆಯ ಮೇಲೆ ರಿವಾಲ್ವರ್ ಇತ್ತು, ಕೆಳಗೆ ಬಾಳೆಲೆ. ದೊಡ್ಡಮ್ಮ ಕುಂಕುಮದ ಬಟ್ಟಲು ಹಿಡಿದು ಬಂದರು. ದೊಡ್ಡಪ್ಪ ಏನೂ ಹೇಳಲಿಲ್ಲ, ಪಕ್ಕದಲ್ಲಿದ್ದ ಮರದ ಪೆಟ್ಟಿಗೆಯನ್ನು ಸ್ವಲ್ಪ ಮುಂದಕ್ಕೆ ಸರಿಸಿದರು. ದೊಡ್ಡಮ್ಮ ಪೆಟ್ಟಿಗೆಗೆ ಬೊಟ್ಟಿಟ್ಟು, ಹೂವು ಏರಿಸಿ, ಮುಂದಿನ ಕತ್ತಿಗೆ ಹೋದರು.